ಬೀಗದ ಕೈ ಯಾರಿಗೆ?

ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಮೊಮ್ಮಗಳು ಸಿರಿ ಎದುರಿಗೆ ಕೂತು, ನನ್ನ ಪಾಸ್‌ವರ್ಡ್‌ಗಳನ್ನು ಕಾಪಾಡಲು ಯಾವ ಆ್ಯಪ್ ಒಳ್ಳೆಯದೆಂದು ಮೊಬೈಲಿನಲ್ಲಿ ಹೋಲಿಸಿ ನೋಡುತ್ತಿದ್ದಳು. ಅಲ್ಲಿಯವರೆಗೆ ಅವನ್ನು ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೆ.

“ಅಜ್ಜಿ, ಇದು ಪುಕ್ಕಟೆ, ಆದ್ರೆ ಒಂದೇ ಫೋನಲ್ಲಿ ನಡೆಯೋದು. ಇನ್ನೊಂದಕ್ಕೆ ವರ್ಷಕ್ಕೆ ಒಂಬೈನೂರು ರೂಪಾಯಿ. ಭದ್ರತೆ ಜಾಸ್ತಿ. ನಿಂಗೇನಾದ್ರೂ ಆದ್ರೆ, ನೀನು ಹೆಸರು ಕೊಟ್ಟ ಒಬ್ಬರು ಮಾತ್ರ ಅದನ್ನ ತೆಗೀಬಹುದು.”

“ಒಂಬೈನೂರಾ? ಕ್ಯಾಲೆಂಡರು ಅಂಗಡಿಯೋನು ಸುಮ್ನೆ ಕೊಡ್ತಾನಲ್ಲೇ!”

“ತಮಾಷೆ ಸಾಕು. ಆ ಒಬ್ಬರು ಯಾರು ಹೇಳು. ಮನೆಯವರೇ ಆಗ್ಬೇಕಂತಿಲ್ಲ. ಕಣ್ಮುಚ್ಕೊಂಡು ನಂಬೋ ಹಾಗಿರ್ಬೇಕು, ಅಷ್ಟೆ.”

“ಕಮಲಾಕ್ಷಿ” ಎಂದುಬಿಟ್ಟೆ.

ಸಿರಿ ತಲೆಯೆತ್ತಿದಳು. “ಯಾರು, ಆಗ ಪಕ್ಕದ ಮನೇಲಿದ್ರಲ್ಲ, ಅವ್ರಾ? ಊರಿಗೆ ಹೋಗೋವಾಗ ಬೀಗದ ಕೈ ಕೊಟ್ಟಿದ್ರೆ ನಿನ್ನ ಓಲೆ ಕದ್ದೋರು? ನೀನೇ ಬೀದೀಲಿ ನಿಂತು ಬೈದು ಅವ್ರನ್ನ ಮನೆ ಬಿಡಿಸಿದ್ಯಂತೆ!”

ನನ್ನ ಮುಖ ಸುಡತೊಡಗಿತು. ಮೊರದಿಂದ ಕಣ್ಣು ಮೇಲೆತ್ತಲಾಗಲಿಲ್ಲ.

“ಅಜ್ಜಿ, ಅಂಥವ್ರ ಹೆಸರು ಯಾಕೆ ಹೇಳ್ದೆ?”

“ನೀನು ಅದೇ ಹೆಸರು ಬರ್ಕೋ ಮಗಾ, ಈಗ ಬಂದೆ” ಎಂದು ಕೈ ತೊಳೆದುಕೊಂಡೆ.

ಓಲೆ ಮರುತಿಂಗಳೇ ನನ್ನ ಹಾಸಿಗೆಯ ಹತ್ತಿಯೊಳಗೆ ಸಿಕ್ಕಿತೆಂದು ಆಗಲೇ ಕಮಲಾಕ್ಷಿಗೆ ಬರೆದು, ಹನ್ನೊಂದು ವರ್ಷದಿಂದ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ ಪತ್ರವನ್ನು ತೆಗೆದುಕೊಂಡು ಹೋಗಿ ಅಂಚೆ ಡಬ್ಬಿಗೆ ಹಾಕಿದೆ.