ಕರಿಕಲ್ಲ ಮಡುವಿನ ಫೋಟೋ

ಫೋಟೋದ ಮೂಲೆಯಲ್ಲಿ ಹಸಿರು ಬಟ್ಟೆ ಕಟ್ಟಿದ ದೋಣಿಯ ಮೂತಿ ಕಂಡದ್ದೇ ತಡ, ಮನೆಮುರುಕ ಯಾರೆಂದು ಮಹಾಂತಪ್ಪನಿಗೆ ಗೊತ್ತಾಗಿಹೋಯಿತು. ಇಡೀ ಹೊಳೆಗೆ ಅಂಥ ದೋಣಿ ಒಂದೇ. ಖಾಸಿಮಸಾಬನದು.

ಅರಣ್ಯ ಇಲಾಖೆಯವರು ಪಂಚಾಯ್ತಿ ಗೋಡೆಗೆ ಅಂಟಿಸಿಹೋದ ನೋಟಿಸು ಅದು. ಬಂಡೆಯ ಮೇಲೆ ಮೂರು ನೀರುನಾಯಿಗಳು ತಲೆ ಎತ್ತಿ ಕೂತ ಚಿತ್ರ. ಕೆಳಗೆ ನಾಲ್ಕು ಸಾಲು. ಮಲಪ್ರಭೆಯ ಕರಿಕಲ್ಲ ಮಡುವನ್ನೂ ಎರಡೂ ದಂಡೆಗಳನ್ನೂ ಸಂರಕ್ಷಿತ ಪ್ರದೇಶವೆಂದು ಸಾರುವ ಪ್ರಸ್ತಾವವಿದೆ, ಅದು ತೀರ್ಮಾನವಾಗುವವರೆಗೆ ಅಲ್ಲಿ ಯಾವ ಕಾಮಗಾರಿಯೂ ನಡೆಯಕೂಡದು. ಅಂದರೆ ಪಂಪು ಕೂರಿಸಿ ನೀರೆತ್ತುವ ಜಾಕ್‌ವೆಲ್ ಬಾವಿ ಇಲ್ಲ. ಮೇಲಿನ ಮಡ್ಡಿ ಹೊಲಗಳಿಗೆ ಹೊಳೆನೀರು ಹತ್ತುವುದೂ ಇಲ್ಲ.

ಏಳು ವರ್ಷದ ಓಡಾಟ ಮಣ್ಣುಪಾಲು. ಏತ ನೀರಾವರಿ ಸಮಿತಿಯ ಅಧ್ಯಕ್ಷನಾಗಿ ಮಹಾಂತಪ್ಪ ತಿರುಗದ ಕಚೇರಿಯಿರಲಿಲ್ಲ. ಬೇಸಿಗೆಯಲ್ಲಿ ಆ ಮಡುವಿನಲ್ಲಿ ನೀರೆಲ್ಲಿರುತ್ತದೆ ಎಂದು ಎಂಜಿನಿಯರು ಮೂಗು ಮುರಿದಾಗ ಹಠ ಹಿಡಿದು ಪುರಾವೆ ಕೂಡಿಸಿದ್ದ. ಆಳದ ಅಳತೆ, ನಕಾಶೆ, ಹಿರಿಯರ ಹೇಳಿಕೆ, ಇನ್ನೂ ಏನೇನೋ. ನಲವತ್ತು ಹಾಳೆಯ ಅರ್ಜಿ. ಪ್ರತಿ ಹಾಳೆಗೂ ಸಹಿ, ಪ್ರತಿ ಸಹಿಗೂ ಸಮಿತಿಯ ದುಂಡು ಶಿಕ್ಕಾ. ಕಿರಾಣಿ ಚೀಟಿಗೂ ಶಿಕ್ಕಾ ಒತ್ತುವ ಆಸಾಮಿ ಎಂದು ಊರು ನಗುತ್ತಿತ್ತು. ನಗಲಿ. ಮಂಜೂರಾತಿ ಇನ್ನೇನು ಕೈಗೆ ಬರುವುದರಲ್ಲಿತ್ತು.

ಖಾಸಿಮಸಾಬ ಆ ಮಡುವಿನ ಮೀನು ಮಾರಿ ಬದುಕುವವನು. ಪಂಪು ಕೂತರೆ ಅವನ ಬಲೆಗೆ ಜಾಗವಿಲ್ಲ. ಕಾರಣವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಮಹಾಂತಪ್ಪನ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಒಂದೇ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತವರು ಇಬ್ಬರೂ. ಹಗ್ಗ ಇಳಿಬಿಟ್ಟು ಮಡುವಿನ ಆಳ ಅಳೆದದ್ದೂ ಇದೇ ದೋಣಿಯಲ್ಲಿ ಕೂತು. ಅಂಥವನೇ ಬೆನ್ನಿಗೆ ಚೂರಿ ಹಾಕಿದರೆ?

ಮರುದಿನ ಬೆಳಿಗ್ಗೆ ಸಭೆ ಕೂಡಿತು.

"ಈ ಫೋಟೋ ತಗದವ ಯಾರೋ ಖಾಸೀಮ?" ಮಹಾಂತಪ್ಪ ಕೇಳಿದ.

"ನಾನ. ದೋಣ್ಯಾಗ ನಿಂತು ತಗದೇನಿ."

"ಯಾರ್‍ಯಾರಿಗೆ ಕೊಟ್ಟಿ?"

ಖಾಸಿಮಸಾಬ ಅವನ ಮುಖವನ್ನೇ ನೋಡಿದ. ಏನನ್ನೋ ಕಾಯುತ್ತಿರುವವನ ಹಾಗೆ.

"ಕೇಳಿದವರು ಒಬ್ಬರ. ಅವರಿಗಷ್ಟ ಕೊಟ್ಟೇನಿ. ಇಷ್ಟು ಮಂದಿ ಮುಂದ ಆ ಹೆಸರು ನನ್ನ ಬಾಯಿಲೆ ಬರೂದಿಲ್ಲ. ನೆನಪಿದ್ದವರು ಹೇಳಲಿ, ಮಹಾಂತಪ್ಪಾವ್ರ."

ಐವತ್ತು ವರ್ಷ ಮಾಂತ್ಯಾ ಎಂದು ಕೂಗಿದವನು ಅಂದು 'ಅವ್ರ' ಅಂದ. ಸಿಕ್ಕಿಬಿದ್ದ ಮೇಲೆ ಮರ್ಯಾದೆ ಬೇರೆ ಎಂದುಕೊಂಡ ಮಹಾಂತಪ್ಪ.

"ಒಪ್ಪಿಕೊಂಡ ನೋಡ್ರಿ!" ಸಮಿತಿಯ ಮುತ್ತಪ್ಪ ಎದ್ದು ನಿಂತ. "ಇನ್ನೇನ ಬೇಕು?"

ಅಲ್ಲೇ ಠರಾವಾಯಿತು. ಖಾಸಿಮಸಾಬನ ದೋಣಿ ನೀರಿಗಿಳಿಯಬಾರದು. ಅವನ ಮೀನು ಯಾರೂ ಕೊಳ್ಳಬಾರದು. ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಮಾಸುಮಬಿ ತಡೆಯಲಾರದೆ ಕೂಗಿದಳು.

"ಅಣ್ಣಾ, ನೀವರ ಒಂದು ಮಾತು ಹೇಳ್ರಿ!"

ಮಹಾಂತಪ್ಪ ತಲೆ ತಗ್ಗಿಸಿ ಠರಾವಿಗೆ ಸಹಿ ಹಾಕಿದ, ಜೇಬಿನಿಂದ ಡಬ್ಬಿ ತೆಗೆದು ಶಿಕ್ಕಾ ಒತ್ತಿದ.

ವಾರದೊಳಗೆ ದೋಣಿ ದಂಡೆಯ ಮೇಲೆ ಬೋರಲಾಯಿತು. ಗಂಡ ಹೆಂಡತಿ ಎಂ.ಕೆ. ಹುಬ್ಬಳ್ಳಿಗೆ, ಮಗಳು ಜನ್ನತಳ ಮನೆಗೆ ಹೋದರು. ಅರವತ್ತರ ವಯಸ್ಸಿನಲ್ಲಿ ಖಾಸಿಮಸಾಬ ಕಬ್ಬಿನ ಲಾರಿ ಇಳಿಸುತ್ತಾನೆಂದು ಸುದ್ದಿ ಬಂತು. ಮಹಾಂತಪ್ಪನಿಗೆ ಅಂದು ಊಟ ರುಚಿಸಲಿಲ್ಲ. ದ್ರೋಹ ಮಾಡಿದವನಿಗಾಗಿ ಮರುಗುತ್ತೇನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಮುಂದಿನ ತಿಂಗಳು ಅವನು ಬೈಲಹೊಂಗಲದ ಬಸ್ಸು ಹತ್ತಿದ. ಪ್ರಸ್ತಾವಕ್ಕೆ ತಕರಾರು ಸಲ್ಲಿಸಬೇಕಿತ್ತು. ಜೊತೆಗೆ ಫೋಟೋ ಕೊಟ್ಟವನ ಹೆಸರು ಬರಹದಲ್ಲಿ ಬೇಕಿತ್ತು. ಅದನ್ನು ಚೌಕಟ್ಟು ಹಾಕಿಸಿ ಪಂಚಾಯ್ತಿಯಲ್ಲಿ ತೂಗುಹಾಕುವ ಉಮೇದು.

ಅರಣ್ಯ ಕಚೇರಿಯ ಭಾವನಾ ಮೇಡಂ ತಕರಾರನ್ನು ಓದಿ, ಅವನನ್ನೊಮ್ಮೆ ವಿಚಿತ್ರವಾಗಿ ನೋಡಿದಳು. ಕಡತ ಬಿಚ್ಚಿ ಫೋಟೋದ ಅಸಲು ಪ್ರತಿಯನ್ನು ಮೇಜಿನ ಮೇಲಿಟ್ಟಳು. ಅದು ನೋಟಿಸಿನ ಚಿತ್ರಕ್ಕಿಂತ ಬಹಳ ಅಗಲವಾಗಿತ್ತು. ದಂಡೆಯಿಂದ ದಂಡೆಗೆ ತುಂಬಿದ ನೀರು. ದೋಣಿಯ ಮೂತಿಯ ಪಕ್ಕಕ್ಕೇ, ದೂರದ ಬಂಡೆಯ ಮೇಲೆ ಸಾಸಿವೆ ಕಾಳಿನಷ್ಟು ಮೂರು ಚುಕ್ಕೆ.

"ಆ ಚುಕ್ಕಿ ಇದ್ದಷ್ಟ ಭಾಗ ದೊಡ್ಡದು ಮಾಡಿ ನೋಟಿಸಿಗೆ ಹಾಕೇವ್ರಿ," ಎಂದಳು. "ನೀರಾವರಿ ಕಚೇರಿಯವರು ನಮ್ಮ ಅಭಿಪ್ರಾಯ ಕೇಳಿ ಕಳಿಸಿದ ಕಾಗದದಾಗ ಇತ್ತು."

"ಕೊಟ್ಟವನ ಹೆಸರು?"

"ಹಿಂದ ಐತಿ. ನೀವ ಓದ್ಕೋರಿ."

ಮಹಾಂತಪ್ಪ ಫೋಟೋ ತಿರುವಿದ.

'ಕಡು ಬೇಸಿಗೆಯಲ್ಲೂ ಕರಿಕಲ್ಲ ಮಡು ತುಂಬಿರುತ್ತದೆ ಎಂಬುದಕ್ಕೆ ಪುರಾವೆ. ಜಾಕ್‌ವೆಲ್ ಅರ್ಜಿಯೊಂದಿಗೆ ಲಗತ್ತಿಸಿದೆ.' ಅಕ್ಷರ ಅವನದೇ, ಸಹಿ ಅವನದೇ, ಸಹಿಯ ಮೇಲೆ ನೇರಳೆ ಬಣ್ಣದಲ್ಲಿ ದುಂಡಗೆ ಬಿದ್ದಿದ್ದದ್ದು ಖಾಸಿಮಸಾಬನ ವಿರುದ್ಧದ ಠರಾವಿಗೆ ಒತ್ತಿದ ಅದೇ ಶಿಕ್ಕಾ.