ಬಿಚ್ಚಿಟ್ಟ ಡ್ರೈವ್‌ಗಳು

ಮೂರು ವರ್ಷಕ್ಕೊಮ್ಮೆ ಎಲ್ಲರಂತೆ ನಾನೂ ತಲೆಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸುತ್ತೇನೆ. ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯ ಮುಬೀನಾ ಸಿ ಡ್ರೈವ್ ಒಂದನ್ನೇ ಅಳಿಸಿ, ಮೊದಲೇ ಬಿಚ್ಚಿಟ್ಟಿದ್ದ ಉಳಿದ ಡ್ರೈವ್‌ಗಳನ್ನು ನನ್ನ ಕಿವಿಯ ಹಿಂದೆ ಮತ್ತೆ ಸಿಕ್ಕಿಸಿದಳು. ಡಿ ಬಂತು: ಗಾರ್ಮೆಂಟ್ಸಿನ ಹನ್ನೊಂದು ವರ್ಷದ ಅಳತೆಗಳು. ಇ ಬಂತು: ಅಡುಗೆ, ಮನೆಯ ದಾರಿ, ನನ್ನ ಅಮ್ಮನ ಮುಖ.

ಎದುರಿನ ಬೆಂಚಿನಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು.

"ಯಾರ ಮಗು ಇದು? ಪಾಪ, ಕಾದು ಕಾದು ಸುಸ್ತಾಗಿದೆ" ಎಂದೆ.

ಮುಬೀನಾಳ ಕೈ ನಿಂತಿತು. "ಅಕ್ಕಾ, ಮಗಳ ನೆನಪನ್ನ ಎಲ್ಲಿಟ್ಟಿದ್ರಿ?"

ನನಗೆ ಗೊತ್ತಿರಲಿಲ್ಲ. ಹುಡುಗಿಯೇ ಹೇಳಿದಳು: "ಡೆಸ್ಕ್‌ಟಾಪ್ ಮೇಲೆ. ಪುರುಸೊತ್ತಾದಾಗ ಬೇರೆ ಡ್ರೈವಿಗೆ ಹಾಕ್ತೀನಿ ಅಂತಿದ್ಲು ಅಮ್ಮ."

"ಡೆಸ್ಕ್‌ಟಾಪೂ ಸಿ ಡ್ರೈವಿನಲ್ಲೇ ಇರೋದಲ್ವಾ ಅಕ್ಕಾ" ಎಂದಳು ಮುಬೀನಾ, ಮೆಲ್ಲಗೆ.

ಯಾವ ಅಂಗಿಗೆ ಎಷ್ಟು ಗುಂಡಿ ಎಂದು ಈಗಲೂ ನಿದ್ದೆಯಲ್ಲೇ ಹೇಳಬಲ್ಲೆ. ಮಗಳ ಹೆಸರು ಕೇಳಲು ಮಾತ್ರ ಬಾಯಿ ಬರಲಿಲ್ಲ; ತಲೆ ತಗ್ಗಿಸಿ ಕೂತೆ.

ಅವಳೇ ಬಂದು ಪಕ್ಕದಲ್ಲಿ ಕೂತಳು.

"ನಾನು ಚಿನ್ಮಯಿ. ಎಂಟನೇ ಕ್ಲಾಸು. ಅಳಬೇಡಮ್ಮ, ಹೋದ ಸಲಾನೂ ಹೀಗೇ ಆಗಿತ್ತು."