ನಂಬರ್ ಹೇಳದ ಮನೆ

"ಆರು ತಿಂಗಳದಾಗ ಆ ಹುಡುಗಿ ಒಂದ ಸಲಾನೂ ಕೆಂಪು ಗುಂಡಿ ಒತ್ತಿಲ್ಲ. ನೀ ದಿನಾ ಎರಡೆರಡ ಸಲ ಒತ್ತತಿ. ನಾಚಿಕಿ ಆಗೂದಿಲ್ಲೇನೋ?" ಸಾಂಗಲಿಯ ಪಾರ್ಸೆಲ್ ಗೋದಾಮಿನ ಮ್ಯಾನೇಜರ್ ಕದಮ ಎಲ್ಲರೆದುರೇ ಕೇಳಿದ.

ದಿಗಂಬರನ ಮೈಯೆಲ್ಲ ಉರಿಯಿತು. ಕೆಂಪು ಗುಂಡಿಯೆಂದರೆ ಶೌಚದ ವಿರಾಮ. ಫೋನಿನಲ್ಲಿ ಒತ್ತಿದರೆ ಆರು ನಿಮಿಷ ಸಿಗುತ್ತದೆ. ಒತ್ತಿದಷ್ಟೂ ಪಟ್ಟಿಯಲ್ಲಿ ಹೆಸರು ಕೆಳಗಿಳಿಯುತ್ತದೆ. ಈ ದೀಪಾವಳಿಗೆ ಪಟ್ಟಿಯ ಮೊದಲ ಹೆಸರಿಗೆ ಕಾಯಂ ನೌಕರಿ. ಎಂಟು ವರ್ಷ ಗಾಡಿ ಓಡಿಸಿದ ದಿಗಂಬರ ಎರಡನೆಯವನು. ನಿನ್ನೆ ಮೊನ್ನೆ ಬಂದ ಪ್ರಾಜಕ್ತಾ ಮೊದಲನೆಯವಳು.

ಗೋದಾಮಿನ ಪರದೆಯ ಮೇಲೆ ಅವಳ ದಿನಚರಿಯನ್ನು ಅವನು ಕದ್ದು ಓದಿದ. ಸಿಕ್ಕಿತು. ದಿನವೂ ಮಧ್ಯಾಹ್ನ ಒಂದೇ ಮನೆಯ ಮುಂದೆ ಒಂಬತ್ತು ನಿಮಿಷ. ಕಾರಣ: ಗ್ರಾಹಕರು ಓಟಿಪಿ ಹೇಳುವವರೆಗೆ ಕಾಯುವಿಕೆ. ಆ ಹೊತ್ತನ್ನು ಕಂಪನಿ ಚಾಲಕರ ತಲೆಗೆ ಕಟ್ಟುವುದಿಲ್ಲ. ಗ್ರಾಹಕರ ಹೆಸರು, ವಿಳಾಸ ಇರಬೇಕಾದ ಜಾಗದಲ್ಲಿ ಬರೀ ಚುಕ್ಕೆಗಳು.

"ಆ ಮನ್ಯಾಗ ಆಕಿಗೆ ಯಾವನೋ ಅದಾನ," ಎಂದ ಮರುದಿನ ಬೆಳಿಗ್ಗೆ, ಜೋಳದ ಭಾಕರಿ ಮುರಿಯುತ್ತ. "ಇವತ್ತ ದೂರು ಕೊಟ್ಟ ಬಿಡ್ತೀನಿ."

ಹೆಂಡತಿ ಮಂದಾ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಸೂಜಿ ನಿಂತಿತು. "ಹೆಣ್ಣಮಗಳ ಹೊಟ್ಟಿ ಮ್ಯಾಲೆ ಯಾಕ ಹೊಡೀತೀರಿ? ನಿಮಗಾದ್ರ ಯಾವ ಗಿಡ, ಗ್ವಾಡಿ ಆದ್ರೂ ನಡೀತದ. ಆರು ನಿಮಿಷದಾಗ ಆಕಿ ಸಂಡಾಸ ಎಲ್ಲಿ ಹುಡುಕಬೇಕ್ರಿ?"

"ನೀ ಏನ್ ಆಕಿ ವಕೀಲಳೇನ? ಆಕಿ ಮಾರಿ ಸೈತ ನೋಡಿಲ್ಲ!"

"ಮಾರಿ ತಗೊಂಡ ಏನ್ ಮಾಡೂದೈತಿ," ಎಂದು ಮಂದಾ ದಾರ ಕಡಿದಳು.

ಮನೆಯಲ್ಲೂ ಅವಳ ಪರವೇ! ಅರ್ಧ ಭಾಕರಿ ಬಿಟ್ಟು ಎದ್ದ.

ಮಧ್ಯಾಹ್ನ ಎರಡನೆಯ ಲೋಡು ತುಂಬಿಸಲು ಬಂದವನೇ ಕದಮನ ಮುಂದೆ ದೂರಿನ ಕಾಗದ ಹಿಡಿದ.

ಕದಮ ಪರದೆ ನೋಡಿದ. "ಖರೇ ಅದ ಮಾರಾಯ. ಈಗೂ ಅಲ್ಲೇ ನಿಂತಾಳ. ದಿನಾ ಏನಾರ ಒಂದ ಚಿಲ್ಲರೆ ಸಾಮಾನ ತರಸ್ತಾರ ಆ ಮನಿಯವ್ರು." ನಂಬರ್ ಒತ್ತಿ ಸ್ಪೀಕರ್ ಹಾಕಿದ. "ಓಟಿಪಿ ಯಾಕ ಕೊಡವಲ್ರಿ?"

"ಕನ್ನಡಕ ಸಿಗವಲ್ದು ಅಣ್ಣಾರ," ಎಂದಿತು ಹೆಂಗಸಿನ ದನಿ. "ಅದಿಲ್ದ ಅಕ್ಷರ ಕಾಣೂದಿಲ್ಲ ನನಗ. ಪಾಪ, ಹುಡುಗಿ ಬಾಗಲದಾಗ ನಿಂತೇ ಐತಿ." ಫೋನಿನಾಚೆ ಹಿತ್ತಲಲ್ಲೆಲ್ಲೋ ತಗಡಿನ ಬಾಗಿಲು ಕಿರ್ರೆಂದಿತು, ಬಕೆಟ್ಟಿನಿಂದ ನೀರು ಸುರಿದ ಸದ್ದು.

ಕದಮ ಫೋನಿಟ್ಟ. "ಯಾವದೋ ಕಣ್ಣು ಕಾಣದ ಮುದುಕಿ. ದೂರು ಕೊಡಾಂವ ಇದ್ದರ ಹೇಳು, ಆ ಮುದುಕಿನ್ನೂ ಇಲ್ಲೇ ಕರಸ್ತೀನಿ."

"ಬ್ಯಾಡ್ರಿ ಸಾಹೇಬ್ರ."

"ಯಾಕೋ? ಇಷ್ಟೊತ್ತನ ಕುಣದಾಡತಿದ್ದಿ?"

ದಿಗಂಬರ ಕಾಗದವನ್ನು ಹರಿದು ಚೂರುಗಳನ್ನು ಜೇಬಿಗೆ ತುರುಕಿಕೊಂಡ. ಹದಿಮೂರು ವರ್ಷದ ಸಂಸಾರದಲ್ಲಿ ಮಂದಾ ಒಂದು ದಿನವೂ ಕನ್ನಡಕ ಹಾಕಿದವಳಲ್ಲ.